ಒಂದೇ ಮನೆ ನಂಬರು

“ಈ ಸಾಲು ಬೇಡ ಅಂದೋರು ಯಾರು?”

ಮೀಟಿಂಗ್ ರೂಮಿನೊಳಗೆ ಬಂದವನು ನಮಸ್ಕಾರ ಹೇಳಲಿಲ್ಲ, ಕುರ್ಚಿ ಎಳೆದುಕೊಳ್ಳಲಿಲ್ಲ. ನೇರವಾಗಿ ಗೋಡೆಯ ಪರದೆಯತ್ತ ಬೆರಳು ತೋರಿಸಿದ.

“ನಾನೇ,” ಎಂದಳು ಅವಳು. “ತಾವು ಯಾರು ಅಂತ ಗೊತ್ತಾಗ್ಲಿಲ್ಲ.”

“ಕೊರಿಯರ್ ಕಂಪನಿ ಎಂಜಿನಿಯರ್. ವಿಳಾಸದಲ್ಲಿ ನೀವು ಅಳಿಸಿರೋ ಆ ಸಾಲು ಓದ್ಕೊಂಡೇ ನಮ್ಮೋರು ಮನೆ ಹುಡುಕೋದು.”

“ಆ ಸಾಲಲ್ಲಿ ಏನಿರುತ್ತೆ? ಟೈಲರ್ ಅಂಗಡಿ ಎದುರು ಅಂತ. ಟೈಲರ್ ಅಂಗಡಿ ಮುಚ್ಚಿ ಯಾವ ಕಾಲವಾಯ್ತೋ. ನಿಮ್ಮೋರು ಪಾರ್ಸಲ್ ಹಿಡ್ಕೊಂಡು ಇನ್ನೂ ಆ ಟೈಲರ್‌ನ ಹುಡುಕ್ತಿದ್ದಾರೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಸೋತು ನಗುವವನನ್ನು ಕಂಡು ಅವಳಿಗೆ ಖುಷಿಯಾಗಬೇಕಿತ್ತು. ಆಗಿದ್ದು ಬೇರೇನೋ... ಕಿವಿ ಬಿಸಿಯಾಗಿ, ಮುಂದೆ ಏನು ಹೇಳಬೇಕೆಂಬುದೇ ಮರೆತುಹೋಯಿತು.

ಅವಳು ಕೆಲಸ ಮಾಡುತ್ತಿದ್ದುದು ಆನ್‌ಲೈನ್ ಅಂಗಡಿಯೊಂದರಲ್ಲಿ. ಕೊಳ್ಳುವವರು ವಿಳಾಸವನ್ನು ಮನಸ್ಸಿಗೆ ಬಂದಂತೆ ಬರೆಯುತ್ತಿದ್ದರು. ಒಬ್ಬರಿಗೆ ಮನೆ ನಂಬರು ಕೊನೆಯಲ್ಲಿ ನೆನಪಾದರೆ, ಇನ್ನೊಬ್ಬರಿಗೆ ನೆನಪೇ ಆಗುತ್ತಿರಲಿಲ್ಲ. ಅಂಗಡಿಯದು ಒಂದು ನಮೂನೆ, ಕೊರಿಯರ್‌ನವರದು ಇನ್ನೊಂದು, ನಕ್ಷೆ ಕಂಪನಿಯದು ಮತ್ತೊಂದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ವಿಳಾಸದ ಬಾಲವೋ ತಲೆಯೋ ಕತ್ತರಿಸಿ ಹೋಗಿರುತ್ತಿತ್ತು. ಮೂವರೂ ಒಪ್ಪುವ ಒಂದೇ ನಮೂನೆ ಮಾಡುವ ಹೊಣೆ ಅವಳ ಹೆಗಲಿಗೆ ಬಿದ್ದಿತ್ತು. ಮನೆ ನಂಬರು, ರಸ್ತೆ, ಬಡಾವಣೆ, ಊರು, ಪಿನ್‌ಕೋಡ್, ಒಂದೊಂದಕ್ಕೂ ಅದರದೇ ಖಾನೆ. ಆಫೀಸಿನವರು ಅವಳಿಗೆ ‘ವಿಳಾಸದಮ್ಮ’ ಎಂದು ಹೆಸರಿಟ್ಟಿದ್ದರು. ಕೊನೆಯ ಸಭೆಯಲ್ಲಿ ಎಲ್ಲರೆದುರು ನಿಂತು ಆ ನಮೂನೆಯನ್ನು ಮಂಡಿಸುವುದೇ ಅವಳ ದೊಡ್ಡ ಆಸೆಯಾಗಿತ್ತು.

ಎಂಜಿನಿಯರ್ ದಿನಾ ಬಂದ. ದಿನಾ ಜಗಳವಾಡಿದ. ಜಗಳ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಟೀ ಕುಡಿದರು. ಕ್ರಮೇಣ ಜಗಳ ಬೇಗ ಮುಗಿಯತೊಡಗಿತು, ಟೀ ಮಾತ್ರ ಆರಿ ತಣ್ಣಗಾದರೂ ಮುಗಿಯುತ್ತಿರಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು... ನಕ್ಷೆ ಕಂಪನಿಯಿಂದ ಇನ್ನೊಬ್ಬಳು ಬರುವವರೆಗೆ.

ಮ್ಯಾಪ್ ಮೇಡಂ. ಮಾತಿಗೊಮ್ಮೆ ನಗುವವಳು. ನಕ್ಕರೆ ಇಡೀ ಆಫೀಸು ತಿರುಗಿ ನೋಡುವಂಥವಳು. ಮೊದಲ ದಿನವೇ ಎಂಜಿನಿಯರ್‌ನ ಬೈಕಿನಿಂದ ಇಳಿದಳು. ಸಂಜೆ ಅದೇ ಬೈಕು ಹತ್ತಿ ಹೊರಟಳು.

‘ದಾರಿಯಲ್ಲಿ ಸಿಕ್ಕಿರಬೇಕು,’ ಎಂದುಕೊಂಡಳು ವಿಳಾಸದಮ್ಮ. ಮರುದಿನವೂ ದಾರಿಯಲ್ಲಿ ಸಿಕ್ಕಿರಬೇಕು. ಅದರ ಮರುದಿನ ಮಾತ್ರ ಹಾಗೆಂದುಕೊಳ್ಳಲು ಆಗಲಿಲ್ಲ.

ಒಂದು ಬೆಳಿಗ್ಗೆ ಟೀ ಮೆಷಿನ್ನಿನ ಹತ್ತಿರ ಅವರಿಬ್ಬರ ಮಾತು ಕಿವಿಗೆ ಬಿತ್ತು.

“ಇವತ್ತೂ ಗೇಟ್ ಹಾಕೋಕೆ ಮರ್ತ್ರಲ್ಲ. ನಾಯಿ ಒಳಗೆ ಬಂದು ಒಣಗಿ ಹಾಕಿದ್ದ ಬಟ್ಟೆ ಎಲ್ಲ ಎಳೆದಾಡಿದೆ.”

“ನನ್ನ ಶರ್ಟೂನಾ?”

“ನಿಮ್ಮದೇ ಮೊದಲು.”

ವಿಳಾಸದಮ್ಮ ಖಾಲಿ ಲೋಟವನ್ನು ಅಲ್ಲೇ ಇಟ್ಟು ತನ್ನ ಮೇಜಿಗೆ ಮರಳಿದಳು. ಒಂದೇ ಗೇಟು, ಒಂದೇ ಹಗ್ಗದಲ್ಲಿ ಬಟ್ಟೆ. ಇನ್ನೇನು ಬೇಕು?

ಮನೆಯಲ್ಲಿ ಅಕ್ಕ ಅವಳ ಮುಖ ನೋಡಿಯೇ ಕೇಳಿದಳು. “ಯಾಕೇ, ಮುಖ ಇಷ್ಟು ಊದಿಸ್ಕೊಂಡಿದ್ದೀಯ?”

“ಏನಿಲ್ಲ.”

“ಆ ಎಂಜಿನಿಯರ್ ವಿಷಯಾನಾ?”

“ಅವನ ವಿಷಯ ನನಗೇನಕ್ಕೆ ಅಕ್ಕ? ಅವನು ಯಾರ ಜೊತೆ ಇದ್ರೆ ನನಗೇನು?”

“ಏನೂ ಇಲ್ದಿದ್ರೆ ಆ ತಟ್ಟೆ ಯಾಕೆ ಹಾಗೆ ಕುಕ್ತಿದ್ದೀಯ? ಹೋಗಿ ಅವನನ್ನೇ ಕೇಳು.”

“ಕೇಳೋಕೆ ನಾನ್ಯಾರು?” ಎಂದವಳು ಊಟ ಬಿಟ್ಟು ಎದ್ದಳು.

ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದಳು.

ಹೊಸ ನಮೂನೆಯ ಪರೀಕ್ಷೆಗೆಂದು ಅಂಗಡಿಯ ಗಿರಾಕಿಗಳ ವಿಳಾಸಗಳನ್ನೆಲ್ಲ ಅದಕ್ಕೆ ಇಳಿಸಿದ್ದರು. ಹೆಸರುಗಳನ್ನು ಮರೆಮಾಡಲಾಗಿತ್ತು. ಸ್ವಂತ ಕುತೂಹಲಕ್ಕೆ ಅವನ್ನು ತೆರೆದು ನೋಡುವಂತಿರಲಿಲ್ಲ, ಆ ನಿಯಮವನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ಅವಳು. ಊಟದ ಹೊತ್ತಿನಲ್ಲಿ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದಾಗ ಅವಳು ಎಂಜಿನಿಯರ್‌ನ ಫೋನ್ ನಂಬರು ಹಾಕಿದಳು.

ಪರದೆಯ ಮೇಲೆ ಬಂತು. ಒಂದೇ ಮನೆ, ಇಬ್ಬರು ಗಿರಾಕಿಗಳು. ಒಂದು ಅವನ ಫೋನ್ ನಂಬರು, ಇನ್ನೊಂದು ಮ್ಯಾಪ್ ಮೇಡಂದು.

ರಸ್ತೆ, ಮನೆ ನಂಬರು, ಪಿನ್‌ಕೋಡ್ ಮೂರೂ ಒಂದೇ ಆಗಿದ್ದರೆ ಅದು ಒಂದೇ ಮನೆ. ಆ ಸೂತ್ರವನ್ನು ಅವಳೂ ಅವನೂ ಸೇರಿಯೇ ಬರೆದಿದ್ದರು. ತಾನೇ ಬರೆದ ಸೂತ್ರವನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಹೊಟ್ಟೆಯೊಳಗೆ ಬೆಂಕಿ ಬಿದ್ದಿರುವಾಗಂತೂ ಇಲ್ಲ.

‘ಮನೆಯಲ್ಲಿ ಅವಳನ್ನು ಇಟ್ಟುಕೊಂಡು ಇಲ್ಲಿ ನನ್ನ ಜೊತೆ ಗಂಟೆಗಟ್ಟಲೆ ಟೀ ಕುಡಿದನಲ್ಲ...’

ಅದೇ ಸಿಟ್ಟಿನಲ್ಲಿ ಅವಳು ಕೊರಿಯರ್ ಕಂಪನಿಗೆ ಒಂದು ಮೇಲ್ ಕಳಿಸಿದಳು. ನಿಮ್ಮ ಎಂಜಿನಿಯರ್‌ಗೆ ಕೆಲಸದ ಮೇಲೆ ಗಮನವಿಲ್ಲ, ಬೇರೆಯವರನ್ನು ಕಳಿಸಿ. ಆ ವಾರವೇ ಅವನನ್ನು ಈ ನಮೂನೆಯ ಕೆಲಸದಿಂದ ತೆಗೆದು ವಾಪಸ್ ಕರೆಸಿಕೊಂಡರು.

ತನ್ನ ಸಾಮಾನು ತೆಗೆದುಕೊಳ್ಳಲು ಬಂದವನು ಅವಳ ಮೇಜಿನ ಬಳಿ ನಿಂತ. ಮುಖದಲ್ಲಿ ನಗುವಿರಲಿಲ್ಲ.

“ದೂರು ನಿಮ್ಮಿಂದ ಬಂತು ಅಂದ್ರು. ನನ್ನಿಂದ ಏನು ತಪ್ಪಾಯ್ತು?”

ಅವಳು ತಲೆಯೆತ್ತಲಿಲ್ಲ. “ಮನೆಗೆ ಹೋಗಿ ಕೇಳಿ.”

“ಮನೇಲಿ ಯಾರನ್ನ ಕೇಳ್ಲಿ?”

ಎಂಥ ನಾಟಕ, ಎಂದುಕೊಂಡು ಅವಳು ಕೀಬೋರ್ಡು ಕುಟ್ಟತೊಡಗಿದಳು. ಅವನು ಸಾಮಾನು ಎತ್ತಿಕೊಂಡು ಹೊರಟುಹೋದ. ಅವನ ಹೆಜ್ಜೆ ಸಪ್ಪಳ ನಿಂತ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಕೊನೆಯ ಸಭೆಗೆ ಮುಂಚೆ ಒಂದು ಪರೀಕ್ಷೆ ಬಾಕಿಯಿತ್ತು. ಮೂರೂ ಕಂಪನಿಗಳಲ್ಲಿ ಈ ಕೆಲಸಕ್ಕೆ ಸೇರಿದ್ದವರು ಹಿಂದೆಯೇ ತಮ್ಮ ಮನೆಗೊಂದು ಸಾಮಾನು ತರಿಸಲು ಹೇಳಿಟ್ಟಿದ್ದರು. ಅವು ಹೊಸ ನಮೂನೆಯ ವಿಳಾಸದ ಮೇಲೆ ಮನೆ ಸೇರಿದ ಮರುದಿನ ಮ್ಯಾಪ್ ಮೇಡಂ ನಗುತ್ತಲೇ ಒಳಗೆ ಬಂದಳು.

“ವಿಳಾಸದಮ್ಮಾ, ನಿಮ್ಮ ನಮೂನೆ ನಮ್ಮ ಮಾವನಿಗೆ ಎಂಜಿನಿಯರ್ ಶೂ ತೊಡಿಸ್ತು ನೋಡಿ. ನಮ್ಮೆಜಮಾನ್ರ ಶೇವಿಂಗ್ ಸೆಟ್ ಆ ಕಡೆ ಹೋಗಿದೆ.”

“ಯಜಮಾನ್ರು...?”

“ನನ್ನ ಗಂಡ. ನಾವು ಮುಂದಿನ ಮನೇಲಿದ್ದೀವಿ, ಎಂಜಿನಿಯರ್ ಹಿಂದಿನ ಮನೇಲಿ. ನಮ್ಮ ಬಾಡಿಗೆದಾರರು. ಎರಡಕ್ಕೂ ಒಂದೇ ನಂಬರು, ಒಂದೇ ಗೇಟು. ಹಳೇ ವಿಳಾಸದಲ್ಲಿ ಹಿಂದಿನ ಮನೆ ಅಂತಿತ್ತು. ಅದನ್ನ ಹಾಕೋಕೆ ನಾವು ಖಾನೇನೇ ಮಾಡಿಲ್ಲ.” ಅವಳ ನಗು ಇಳಿಯಿತು. “ಪಾಪ, ಮೊನ್ನೆಯಿಂದ ಅವರು ಮಂಕಾಗಿದ್ದಾರೆ. ಯಾರು ದೂರು ಕೊಟ್ರೋ.”

ವಿಳಾಸದಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುವಷ್ಟರಲ್ಲೇ ಅದಕ್ಕಿಂತ ದೊಡ್ಡ ಕಲ್ಲು ಬಂದು ಕೂತಿತು. ಏನೂ ಮಾಡದವನ ಮೇಲೆ ಸುಳ್ಳು ದೂರು. ಅದನ್ನು ಹಿಂದೆ ಪಡೆಯಬೇಕಾದರೆ ಯಾಕೆ ಕೊಟ್ಟೆ ಎಂದು ಹೇಳಬೇಕು. ಹೇಳಿದರೆ, ಕದ್ದು ನೋಡಿದ್ದೂ ಹೊರಬೀಳುತ್ತದೆ.

ಸುಮ್ಮನಿದ್ದುಬಿಡಬಹುದಿತ್ತು. ಸಭೆ ಎದುರಿಗೇ ಇತ್ತು. ಆದರೆ “ಮನೇಲಿ ಯಾರನ್ನ ಕೇಳ್ಲಿ” ಎಂದ ಆ ಮುಖ ಕಣ್ಣಿಂದ ಹೋಗಲೊಲ್ಲದು...

ಅವಳು ಎದ್ದು ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದಳು. ಎಲ್ಲವನ್ನೂ ಹೇಳಿದಳು. ಮನಸ್ಸಿನ ವಿಷಯವೊಂದನ್ನು ಬಿಟ್ಟು ಎಂದುಕೊಂಡಿದ್ದಳು, ಅದೂ ಬಾಯಿಂದ ಬಂದುಬಿಟ್ಟಿತು.

ವಯಸ್ಸಾದ ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನೀನು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣಮ್ಮ.”

“ಅವರ ಮೇಲಿನ ದೂರು ಹಾಗೇ ಉಳಿತಿತ್ತು ಸರ್.”

“ಕೆಲಸದಿಂದ ತೆಗೆಯಲ್ಲ. ಗಿರಾಕಿಗಳ ವಿಳಾಸ ಮಾತ್ರ ಇನ್ನು ಮುಟ್ಟೋ ಹಾಗಿಲ್ಲ. ಸಭೆಗೂ ನೀನು ಬರೋ ಹಾಗಿಲ್ಲ.”

ಅವಳು ತಲೆಯಾಡಿಸಿದಳು. ಇಷ್ಟು ದಿನ ಸಾಕಿದ ಆಸೆ ಆ ಕೋಣೆಯಲ್ಲೇ ಉಳಿಯಿತು.

ಮಧ್ಯಾಹ್ನ ಅವಳು ಕೊರಿಯರ್ ಕಂಪನಿಯ ಶೆಡ್ಡಿಗೆ ಹೋದಳು. ಓಡುವ ಬೆಲ್ಟಿನ ಮೇಲೆ ಪಾರ್ಸಲ್‌ಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಎಂಜಿನಿಯರ್ ಅವಳನ್ನು ಕಂಡೂ ಕಾಣದವನಂತೆ ನಿಂತಿದ್ದ.

“ದೂರು ವಾಪಸ್ ತಗೊಂಡೆ. ಸುಳ್ಳು ಅಂತ ಬರೆದುಕೊಟ್ಟೆ.”

“ಗೊತ್ತಾಯ್ತು, ಫೋನ್ ಬಂತು. ಯಾಕೆ ಕೊಟ್ರಿ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ.”

ಅವಳು ಹೇಳಿದಳು. ಬೈಕು, ಗೇಟು, ಬಟ್ಟೆ, ಕದ್ದು ನೋಡಿದ ವಿಳಾಸ... ಒಂದನ್ನೂ ಮುಚ್ಚಿಡಲಿಲ್ಲ.

“ಒಂದು ಮಾತು ಕೇಳಿದ್ರೆ ಮುಗೀತಿತ್ತಲ್ರೀ.”

“ಕೇಳಿದ್ರೆ ನಿಮ್ಮ ಮೇಲೆ ಮನಸ್ಸಿದೆ ಅಂತ ಗೊತ್ತಾಗ್ಬಿಡ್ತಿತ್ತು.”

ಅವನು ಅವಳತ್ತ ತಿರುಗಿದ. “ಇದೆಯಾ?”

“ಇಲ್ದೇ ಇಷ್ಟು ಕೆಟ್ಟ ಕೆಲಸ ಮಾಡ್ತಿದ್ನಾ?”

ಬೆಲ್ಟಿನ ಮೇಲೆ ಓರೆಯಾಗಿದ್ದ ಪಾರ್ಸಲೊಂದನ್ನು ಅವನು ನೇರ ಮಾಡಿದ. ಅವಳು ಕಣ್ಣೊರೆಸಿಕೊಂಡು ಹೊರಡಲು ತಿರುಗಿದಳು.

“ನನಗಿನ್ನೂ ಕೋಪ ಇದೆ,” ಎಂದ ಅವನು.

“ಇರ್ಲಿ.”

“ಸುಮಾರು ದಿನ ಇರುತ್ತೆ.”

“ಇರ್ಲಿ. ತಪ್ಪು ನಂದೇ.”

“ಆ ಬೈಕಲ್ಲಿ ದಾರಿಯುದ್ದಕ್ಕೂ ಯಾರ ಮಾತು ಆಡ್ತಿದ್ವಿ ಗೊತ್ತಾ? ನಿಮ್ಮದೇ. ಹೇಳ್ಬಿಡಿ, ಹೇಳ್ಬಿಡಿ ಅಂತ ಮ್ಯಾಪ್ ಮೇಡಂ ನನ್ನ ಪ್ರಾಣ ತಿಂತಿದ್ರು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಎಲ್ಲರೆದುರು ಬೈದುಬಿಡ್ತೀರ ಅಂತ ಭಯ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನ ಬಿಗಿದ ಮುಖವೂ ಸಡಿಲವಾಯಿತು.

“ನನ್ನನ್ನ ಮತ್ತೆ ಈ ಕೆಲಸಕ್ಕೆ ಸೇರಿಸಿ, ನಾಳೆ ಸಭೇಲಿ ನಿಮ್ಮ ಜಾಗದಲ್ಲಿ ನಿಲ್ಸಿದ್ದಾರೆ,” ಎಂದ ಮೆಲ್ಲಗೆ. “ನಮೂನೆ ನಿಮ್ಮದು ಅಂತ ಹೇಳಿಯೇ ಶುರು ಮಾಡ್ತೀನಿ. ಪಕ್ಕದಲ್ಲಿ ಮ್ಯಾಪ್ ಮೇಡಂ ಇರ್ತಾರೆ.”

“ಇರ್ಲಿ ಬಿಡಿ. ನನಗೇನು?”

“ಹೊಟ್ಟೆಕಿಚ್ಚಾ?”

“ಸ್ವಲ್ಪ.”

“ಸ್ವಲ್ಪಾನಾ?”

ಅವಳು ತಲೆ ತಗ್ಗಿಸಿದಳು. “ತುಂಬಾ.”

ಅವನು ಬೆಲ್ಟಿನ ಆ ಬದಿಯಿಂದ ಸುತ್ತಿ ಬಂದು ಅವಳೆದುರು ನಿಂತ.

“ಬಾ, ಟೀ ಕುಡಿಯೋಣ. ಎಷ್ಟು ಉರ್ಕೋಬೇಕೋ ನನ್ನ ಎದುರೇ ಕೂತು ಉರ್ಕೋ.”