ನೀಲಿ ಗುರುತಿನ ಚಂದ್ರಿಕೆ

“ಅಲ್ಲೇ ನಿಂತ್ಕೊಂಡು ಹೇಳಮ್ಮ, ಒಳಗೆ ಬರ್ಬೇಡ,” ಎಂದ ಹೆಡ್ ಕಾನ್‌ಸ್ಟೇಬಲ್ ಕೋನಪ್ಪ.

“ಮನೆಗೆ ಬೆಂಕಿ ಇಟ್ಟೋನ್ನ ಬಿಟ್ಟು ನನ್ನ ಬಿಸಿಲಲ್ಲಿ ನಿಲ್ಲಿಸ್ತೀಯೇನಯ್ಯ? ನಿನ್ನ ಎಲೇಲಿ ಉಣ್ಣಾಕೆ ಬಂದಿದೀನಾ?”

ಇನ್‌ಸ್ಪೆಕ್ಟರ್ ವೆಂಕಟರವಣಪ್ಪ ಎದ್ದು ಬಂದು, ತಾನೇ ಕುರ್ಚಿ ಎಳೆದು ಅವಳನ್ನು ಕೂರಿಸಿದ. 1996ರ ಮಾರ್ಚ್ 12, ಮಧ್ಯಾಹ್ನ 12.40, ಶಿಡ್ಲಘಟ್ಟ ಠಾಣೆ.

ದೂರುದಾರಳು ಗಂಗುಲಮ್ಮ, ರೇಷ್ಮೆ ನೂಲು ತೆಗೆಯುವವಳು. ಲಾರಿ ಡ್ರೈವರ್ ಗಂಡ ಸತ್ತು ಎಂಟು ತಿಂಗಳು. ಅವನಿಂದ ಬಂದ ಎಚ್‌ಐವಿ ವಿಷಯ ಹೇಗೋ ಓಣಿಗೆಲ್ಲ ಹರಡಿತ್ತು. ಗೂಡು ಬೇಯಿಸುವ ಒಂದೇ ಬಿಸಿನೀರಿನಲ್ಲಿ ಅವಳೊಂದಿಗೆ ಕೈ ಅದ್ದುವುದಿಲ್ಲವೆಂದು ಜೊತೆಯವರು ಹಟ ಹಿಡಿದು ಕೆಲಸ ಬಿಡಿಸಿದ್ದರು. ಈಗ, ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಗುಡಿಸಲೂ ಬೂದಿ.

“ಊರು ಬಿಡ್ಲಿ ಅಂತ ಮಾಡವ್ರೆ ಸಾರ್. ನಾನು ಬಿಡಲ್ಲ.”

ಐಪಿಸಿ 436ರಡಿ ಎಫ್‌ಐಆರ್ ಆಯಿತು. ಪಂಚನಾಮೆಗೆ ಓಣಿಯವರೊಬ್ಬರೂ ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಇಬ್ಬರು ಪಂಚರನ್ನು ಹಿಡಿದು ತರಬೇಕಾಯಿತು. ಹಿಂಗೋಡೆಗೆ ಒರಗಿಸಿ ಹಚ್ಚಿದ್ದು ಚಂದ್ರಿಕೆ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಸುಡದೆ ಉಳಿದ ಒಂದು ಮೂಲೆಯಲ್ಲಿ ನೀಲಿ ಗುರುತಿತ್ತು. ಬಾಡಿಗೆಗೆ ಬಿಡುವವರು ತಮ್ಮ ಚಂದ್ರಿಕೆ ಬೇರೆಯವರದಕ್ಕೆ ಬೆರೆಯದಿರಲೆಂದು ಬಳಿಯುವ ಬಣ್ಣ.

“ನಮ್ದೇ,” ಎಂದ ಚಂದ್ರಿಕೆ ಬಾಡಿಗೆಗೆ ಬಿಡುವ ಮುನಿಶಾಮಪ್ಪ. “ಬೆಳಗ್ಗೆ ಆವುಲಪ್ಪನ ಟೆಂಪೋಗೆ ತುಂಬಿದ್ದೆ. ಎರಡು ಕಮ್ಮಿ ಬಂದವೆ ಅಂತ ರೈತ ಜಗಳಕ್ಕೆ ಬಂದವ್ನೆ.”

ಹೆಸರು ಕೇಳಿದ ಗಂಗುಲಮ್ಮ ತಲೆಯಾಡಿಸಿದಳು. “ಆವುಲಪ್ಪಣ್ಣ ಅಲ್ಲ ಸಾರ್. ನಮ್ಮೆಜಮಾನ್ರ ಜತೆ ಹತ್ತು ವರ್ಷ ಲಾರಿ ಓಡಿಸ್ದೋನು.”

“ನಿನ್ನ ಆಸ್ಪತ್ರೆ ಚೀಟಿ ಓದಿ ಹೇಳಿದ್ದು ಯಾರು?” ಎಂದು ಕೇಳಿದ ವೆಂಕಟರವಣಪ್ಪ.

“ಅವನೇ.”

ಸಂಜೆ 5.20ಕ್ಕೆ ಆವುಲಪ್ಪನನ್ನು ಬಂಧಿಸಿ ಠಾಣೆಗೆ ತಂದರು. ಗಂಗುಲಮ್ಮ ಆ ಕುರ್ಚಿಯಲ್ಲೇ ಇದ್ದಳು. ಅವನ ಜೇಬಿನಲ್ಲಿ ಆಸ್ಪತ್ರೆಯ ಕವರೊಂದು ಸಿಕ್ಕಿತು. ಮೇಲೆ ಅವನದೇ ಹೆಸರು, ಅಂಟು ಬಿಚ್ಚಿರಲಿಲ್ಲ.

“ಪರೀಕ್ಷೆಗೆ ರಕ್ತ ಕೊಟ್ಟಿದ್ದು ಯಾವಾಗ?” ಎಂದ ವೆಂಕಟರವಣಪ್ಪ.

“ತಿಂಗಳಾಯ್ತು ಸಾರ್. ಒಡೆಯಾಕೆ ಧೈರ್ಯ ಬರ್ಲಿಲ್ಲ.”

“ಇವಳ ವಿಷಯ ಓಣಿಗೆ ಸಾರಿದ್ದೂ ನೀನೇನಾ?”

“ಹೂಂ, ಊರು ಬಿಡ್ಲಿ ಅಂತ. ಬೆಂಕಿ ಇಟ್ಟಿದ್ದೂ ಅದಕ್ಕೇ. ಇವಳು ಕಣ್ಣಮುಂದೆ ಇರೋಗಂಟ, ‘ಇವನೂ ಅದೇ ಲಾರೀಲಿದ್ದೋನಲ್ವಾ’ ಅಂತಾರೆ. ಮಗಳಿಗೆ ಗಂಡು ಗೊತ್ತಾಗೈತೆ ಸಾರ್.”

ಕೋನಪ್ಪ ಕವರಿನ ಅಂಚಿಗೆ ಉಗುರಿಟ್ಟ. “ನೋಡೇಬಿಡಣ ಸಾರ್, ಇವನ ಬಂಡವಾಳ.”

“ಒಡೀಬೇಡ,” ಎಂದಳು ಗಂಗುಲಮ್ಮ. “ಅದು ಅವನ ಕಾಗದ. ನಂದು ಊರೆಲ್ಲ ಓದಿದ್ದಾಯ್ತಲ್ಲ.”

ವೆಂಕಟರವಣಪ್ಪ ಕವರ್ ಕಿತ್ತುಕೊಂಡು ಆವುಲಪ್ಪನ ಕೈಗೇ ಇಟ್ಟ.

ಗಂಗುಲಮ್ಮ ಎದ್ದಳು. ಕೋನಪ್ಪ ಬಾಗಿಲವರೆಗೂ ಬಂದ. “ಎಫ್‌ಐಆರ್ ಪ್ರತಿಗೆ ನಾಳೆ ಬಾಮ್ಮ. ಒಳಗೇ ಕೂತ್ಕೊಳೀವಂತೆ.”

“ನಿನ್ನ ಕುರ್ಚಿ ನೀನೇ ಇಟ್ಕೊಳ್ಳಪ್ಪ. ನನಗೆ ಗುಡಿಸ್ಲಿಗೆ ಕಂಬ ನೆಡೋದಿದೆ,” ಎಂದು ಹೊರಟಳು. ಮತ್ತೆ ಆ ಬಾಗಿಲಿಗೆ ಬರಲಿಲ್ಲ. ಮೂರನೇ ದಿನ ಕೋನಪ್ಪನೇ ಪ್ರತಿ ಹಿಡಿದುಕೊಂಡು ಆ ಓಣಿಗೆ ನಡೆದ.