ಕಾಲುವೆ ದಾರಿಯ ಸಲ್ಯೂಟು

“ಇವತ್ತೂ ಹೊಡೆದ್ರು ಅಜ್ಜೀ! ಎಲ್ಲರೂ ಹೊಡೆದ್ರು!”

ಚೂಟಿ ಏದುಸಿರು ಬಿಡುತ್ತಾ ಒಳಗೆ ಓಡಿ ಬಂದಳು. ಅಜ್ಜಿ ಗಾಬರಿಯಿಂದ ಹೆಣೆಯುತ್ತಿದ್ದ ಸ್ವೆಟರನ್ನು ಪಕ್ಕಕ್ಕಿಟ್ಟಳು.

“ಅಯ್ಯೋ, ಯಾರೇ ಹೊಡೆದಿದ್ದು? ಎಲ್ಲಿಗೆ ಏಟು ಬಿತ್ತು?”

“ಏಟಲ್ಲ ಅಜ್ಜಿ, ಸಲ್ಯೂಟ್! ಹಿಂಗೆ!” ಚೂಟಿ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ತೋರಿಸಿದಳು. “ನಾನು ಸೈಕಲ್ಲಲ್ಲಿ ಬರ್ತಿದ್ದ ಹಾಗೆ ಎಲ್ಲರೂ ಪಕ್ಕಕ್ಕೆ ಸರಿದು ನಿಂತ್ಕೊಂಡು ಸಲ್ಯೂಟ್ ಹೊಡೀತಾರೆ.”

“ನಿಂಗ್ಯಾಕೆ ಸಲ್ಯೂಟು? ನೀನೇನು ಪೊಲೀಸ್ ಕಮಿಷನರಾ?”

“ಯಾಕೋ ಗೊತ್ತಿಲ್ಲ. ಆದ್ರೆ ಹೊಡೀತಾರೆ. ಅದಕ್ಕೆ ನಾನೂ ಒಂದು ಕೈ ಬೀಸ್ತೀನಿ.”

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದಳು. “ಅಂದ್ರೆ ಕತ್ತಲಲ್ಲಿ ಒಂದು ಕೈ ಬಿಟ್ಟು ಸೈಕಲ್ ಹೊಡೀತೀಯಾ?”

ಚೂಟಿಗೆ ತಟ್ಟನೆ ಹೋಂವರ್ಕ್ ನೆನಪಾಗಿ, ಕೋಣೆಯೊಳಗೆ ಮಾಯವಾದಳು.

ಈ ಸಲ್ಯೂಟಿನ ಕತೆ ಶುರುವಾಗಿದ್ದು ಅಪ್ಪನಿಂದ. ಅಪ್ಪನದು ಬೈಕ್ ರಿಪೇರಿ ಗ್ಯಾರೇಜು. ಮನೆಯವರೆಲ್ಲ ಈ ಊರಿಗೆ ಬಂದು ಕೆಲವೇ ತಿಂಗಳಾಗಿತ್ತು. ಹೊಸ ಗ್ಯಾರೇಜು, ಹೊಸ ಗಿರಾಕಿಗಳು. ಅಪ್ಪ ಮನೆಗೆ ಬರುವುದು ತಡವಾಗುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಮ್ಮ ಬರುವುದೂ ತಡ. ಹಾಗಾಗಿ ಅಪ್ಪನ ಊಟದ ಡಬ್ಬಿ ತಲುಪಿಸುವ ಕೆಲಸ ಚೂಟಿಯದಾಯಿತು.

ಮನೆಯಿಂದ ಗ್ಯಾರೇಜಿಗೆ ಕಾಲುವೆಯ ಪಕ್ಕದಲ್ಲೇ ದಾರಿ. ಕಾರು, ಬಸ್ಸು ಬರುವ ಹಾಗಿಲ್ಲ. ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ. ಆದರೆ ಅಲ್ಲಲ್ಲಿ ಒಂದೊಂದು ದೀಪದ ಕಂಬ. ಅದರಲ್ಲೂ ಅರ್ಧ ಉರಿಯುತ್ತಿರಲಿಲ್ಲ. ಚಳಿಗಾಲ ಬಂದದ್ದೇ ಬೇಗ ಕತ್ತಲಾಗತೊಡಗಿತು.

“ನನ್ನ ಮಗಳು ಕತ್ತಲಲ್ಲಿ ಬರೋದಾ? ಇರು, ಒಂದು ಲೈಟ್ ಹಾಕ್ತೀನಿ,” ಎಂದ ಅಪ್ಪ.

ಎಂಥಾ ಲೈಟು ಅಂತೀರಿ! ಹಳೆಯ ಮೋಟಾರ್ ಬೈಕಿನ ಹೆಡ್‌ಲೈಟು. ಅದನ್ನು ಹ್ಯಾಂಡಲಿಗೆ ಬಿಗಿದು, ಬ್ಯಾಟರಿಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿದ. ಸ್ವಿಚ್ ಒತ್ತಿದರೆ ಎದುರಿನ ಬೀದಿಯ ಗೋಡೆಯ ಮೇಲೆ ಮಲಗಿದ್ದ ಹಲ್ಲಿ ಕೂಡ ಎದ್ದು ಓಡಿತು. ಅಪ್ಪ ಎರಡೂ ಕೈ ಸೊಂಟದ ಮೇಲಿಟ್ಟು, “ಹೆಂಗೆ?” ಎಂದ.

ಮೊದಲ ಸಂಜೆಯೇ ಸಲ್ಯೂಟು ಬಿತ್ತು. ಕೋಲು ಹಿಡಿದು ನೆಟ್ಟಗೆ ನಡೆಯುವ ಒಬ್ಬ ತಾತ ಇದ್ದರು. ಎಲ್ಲರೂ ಅವರನ್ನು ಡ್ರಿಲ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಚೂಟಿಯ ಬೆಳಕು ಕಂಡದ್ದೇ ಅವರು ಗಕ್ಕನೆ ನಿಂತು, ಕೈಯನ್ನು ಹಣೆಗೆ ತಂದರು. ಚೂಟಿಗೆ ಬಿದ್ದುಬಿಡುವಷ್ಟು ಆಶ್ಚರ್ಯ. ಒಮ್ಮೆ ಅವರು ಒಂಟಿ ಕಾಲಿನಲ್ಲಿ ನಿಂತೂ ಸಲ್ಯೂಟ್ ಹೊಡೆದರು. ಡ್ರಿಲ್ ಮೇಷ್ಟ್ರಲ್ಲವೇ, ಅದೊಂದು ಬೇರೆಯೇ ಡ್ರಿಲ್ ಇರಬೇಕು ಎಂದುಕೊಂಡಳು.

ಆಮೇಲೆ ಇಬ್ಬರು ಓರಗಿತ್ತಿಯರು. ಮನೆಯಲ್ಲಿ ಅತ್ತೆಯ ಎದುರು ಆಡಲಾಗದ್ದನ್ನೆಲ್ಲ ಈ ದಾರಿಯಲ್ಲಿ ಆಡಿ ಮುಗಿಸುವವರು. ಇಬ್ಬರದೂ ಕಪ್ಪು ಸ್ವೆಟರು; ಕತ್ತಲಲ್ಲಿ ಮೊದಲು ಮಾತು ಬರುತ್ತಿತ್ತು, ಆಮೇಲೆ ಮನುಷ್ಯರು. ದಾರಿಯ ನಟ್ಟನಡುವೆ ನಡೆಯುತ್ತಿದ್ದ ಅವರೂ ಬೆಳಕು ಕಂಡರೆ ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಹಾರಿ ನಿಂತು ಸಲ್ಯೂಟ್ ಹೊಡೆಯುತ್ತಿದ್ದರು. ಚೂಟಿಗೆ ಬೆಲ್ ಒತ್ತುವ ಕೆಲಸವೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಅವಳದೇ ಕ್ಲಾಸಿನ ಎರಡು ಜಡೆಯ ಹುಡುಗಿ ತನ್ನ ನಾಯಿಯನ್ನು ಅಲ್ಲಿಗೆ ವಾಕಿಂಗ್ ಕರೆತರುತ್ತಿದ್ದಳು. ನಾಯಿ ಬೆಕ್ಕಿನಷ್ಟಿತ್ತು, ಅದರ ಹೆಸರು ಮಾತ್ರ ಬಾಸ್. ಎರಡು ಜಡೆಯವಳೂ ಸಲ್ಯೂಟ್ ಹೊಡೆಯುತ್ತಿದ್ದಳು! ಅಷ್ಟೇ ಅಲ್ಲ, ನಾಯಿಯ ಜೊತೆ ಗಿರಗಿರ ಸುತ್ತಿ ಕುಣಿಯುತ್ತಲೂ ಇದ್ದಳು.

ಸ್ಕೂಲಿನಲ್ಲಿ ಮಾತ್ರ ಅವಳು ಚೂಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಲ್ಲಿ ಚೂಟಿಗೆ ಹೆಸರೇ ಇರಲಿಲ್ಲ. “ಏ ಹೊಸ ಹುಡುಗಿ, ಸ್ವಲ್ಪ ಸರಿ.” “ಹೊಸ ಹುಡುಗಿ, ರಬ್ಬರ್ ಕೊಡು.” ಆಟಕ್ಕೆ ಟೀಮ್ ಮಾಡುವಾಗ ಕೊನೆಗೆ ಉಳಿಯುವವಳು ಅವಳೇ. ಎಲ್ಲರೂ ಗುಂಪುಗುಂಪಾಗಿ ತಿಂಡಿ ತಿನ್ನುವಾಗ ಅವಳು ನೀರಿನ ಬಾಟಲಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಆಗೆಲ್ಲ ಅವಳ ಮನಸ್ಸು ಸಂಜೆಗೆ ಕಾಯುತ್ತಿತ್ತು. ಸಂಜೆಯಾದರೆ ಅವಳೂ ಲೆಕ್ಕಕ್ಕೆ ಬರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಸೈಕಲ್ ಪಂಕ್ಚರ್ ಆಯಿತು. ಸರಿಮಾಡಲು ಅಪ್ಪ ಅದನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋದ. ಸಂಜೆ ಚೂಟಿ ಡಬ್ಬಿ ಹಿಡಿದು ನಡೆದೇ ಹೊರಟಳು. ಹೊರಡುವ ಮೊದಲು ತಲೆ ಬಾಚಿಕೊಂಡಳು. ಸಲ್ಯೂಟ್ ಹೊಡೆಯುವವರು ಹತ್ತಿರದಿಂದ ನೋಡುತ್ತಾರಲ್ಲ!

ಯಾರೂ ನೋಡಲಿಲ್ಲ.

ಓರಗಿತ್ತಿಯರು ಮಾತಾಡುತ್ತಾ ಅವಳನ್ನು ದಾಟಿ ಹೋದರು. ಎರಡು ಜಡೆಯವಳು ಬಾಸ್ ಹಿಂದೆ ಓಡುತ್ತಿದ್ದಳು. ಡ್ರಿಲ್ ಮೇಷ್ಟ್ರು ಬಂದರು. ಸೈಕಲ್ ಇಲ್ಲದ್ದಕ್ಕೆ ಗುರುತು ಸಿಕ್ಕಿಲ್ಲವೇನೋ ಎಂದು ಚೂಟಿ ತಾನೇ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದಳು. ಡ್ರಿಲ್ ಮೇಷ್ಟ್ರು ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. ಅವರು ತಲೆ ಕೆರೆದುಕೊಂಡರು. ಚೂಟಿಯ ಮುಖ ಇಷ್ಟು ಚಿಕ್ಕದಾಯಿತು.

ಆಗ ಎದುರಿನ ತಿರುವಿನಲ್ಲಿ ಬೆಳಕು ಮೂಡಿತು.

ಮೂಡಿತು ಅನ್ನುವುದಕ್ಕಿಂತ ಕಣ್ಣಿಗೆ ಬಂದು ಚುಚ್ಚಿತು. ದಾರಿ ಇಲ್ಲ, ಕಾಲುವೆ ಇಲ್ಲ, ತನ್ನ ಕಾಲೂ ಇಲ್ಲ. ಬರೀ ಬಿಳಿ.

“ಬಂತು ನೋಡಿ ಹಾಳಾದ್ದು!” ಡ್ರಿಲ್ ಮೇಷ್ಟ್ರ ದನಿ ಕೇಳಿಸಿತು.

“ಅಕ್ಕಾ, ಎಲ್ಲಿದ್ದೀರಿ? ನಂಗೇನೂ ಕಾಣ್ತಿಲ್ಲ!”

“ಇಲ್ಲೇ ಇದ್ದೀನಿ ಕಣೇ, ನೀನು ತುಳೀತಿರೋದು ನನ್ನ ಕಾಲೇ!”

“ಬಾಸ್, ಸುಮ್ನಿರೋ! ಬೆಲ್ಟು ಕಾಲಿಗೆ ಸುತ್ಕೊಳ್ತಿದೆ!”

ಚೂಟಿಯ ಕೈ ತಾನಾಗಿಯೇ ಮೇಲೆದ್ದು, ಹಣೆಗೆ ಅಡ್ಡವಾಗಿ ನಿಂತಿತು. ಅಂಗೈಯ ನೆರಳಿನಲ್ಲಿ ಕಣ್ಣು ಬಿಟ್ಟು ನೋಡಿದರೆ, ದಾರಿಯ ಉದ್ದಕ್ಕೂ ಎಲ್ಲರ ಕೈಯೂ ಹಣೆಯ ಮೇಲೆ! ಯಾರ ಮುಖದಲ್ಲೂ ಗೌರವವಿರಲಿಲ್ಲ. ಎಲ್ಲರ ಮುಖವೂ ಹುಣಸೆಹುಳಿ ತಿಂದ ಹಾಗಿತ್ತು.

ಚೂಟಿ ಹಣೆಯ ಮೇಲಿದ್ದ ತನ್ನ ಕೈಯನ್ನೇ ನೋಡಿದಳು. ಇದೇನಾ ಆ ಸಲ್ಯೂಟು! ಇನ್ನೊಂದು ಕೈಯಲ್ಲಿದ್ದ ಡಬ್ಬಿ ಜಾರಿ ಬಿತ್ತು.

ಲೈಟು ಅವಳ ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದೆ, ಪುಟ್ಟ ಸೈಕಲ್ಲಿನ ಮೇಲೆ, ಮೊಣಕಾಲು ಕಿವಿಗೆ ತಾಗುವ ಹಾಗೆ ಪೆಡಲ್ ತುಳಿಯುತ್ತಾ, ಎಡಕ್ಕೂ ಬಲಕ್ಕೂ ಕೈ ಬೀಸುತ್ತಾ ಹೋಗುತ್ತಿದ್ದವನು ಅಪ್ಪ! ಮುಖಕ್ಕೆ ಕೈ ಅಡ್ಡ ಹಿಡಿದಿದ್ದ ಸ್ವಂತ ಮಗಳಿಗೂ ಒಂದು ಸಲ ಕೈ ಬೀಸಿ ಮುಂದೆ ಹೋದ.

“ಅಪ್ಪಾ!”

ಬ್ರೇಕ್ ಕಿರ್ರೆಂದಿತು. ಅಪ್ಪ ಸೈಕಲ್ ತಳ್ಳಿಕೊಂಡು ಹಿಂದೆ ಬಂದ.

“ಅರೆ, ನೀನೇನೇ? ಕೆಲಸ ಬೇಗ ಮುಗೀತು, ಮಗು ನಡ್ಕೊಂಡು ಬರ್ಬೇಕಲ್ಲ ಅಂತ ನಾನೇ ಹೊರಟೆ. ಏನು ಒಳ್ಳೇ ಜನ ಕಣೇ ಈ ಊರಿನವರು! ಹೊಸಬ ಅಂತ ನೋಡ್ದೆ ಎಲ್ಲರೂ ನಂಗೆ ಸಲ್ಯೂಟ್ ಹೊಡೆದ್ರು!”

ಕತ್ತಲಲ್ಲಿ ಪಚಪಚ ಸದ್ದು ಮಾತ್ರ ಬರುತ್ತಿತ್ತು. ಬಾಸ್ ಅಪ್ಪನ ಊಟ ಮಾಡುತ್ತಿತ್ತು.

ಡ್ರಿಲ್ ಮೇಷ್ಟ್ರು ಕೋಲು ಊರಿಕೊಂಡು ಮುಂದೆ ಬಂದರು. “ಸಲ್ಯೂಟಾ? ಏನ್ರೀ, ದಿನಾ ಬಂದು ನಮ್ಮ ಕಣ್ಣು ಕುರುಡು ಮಾಡೋರು ನೀವೇನಾ? ಮೊನ್ನೆ ನನ್ನ ಒಂದು ಚಪ್ಪಲಿ ಕಾಲುವೆ ಪಾಲಾಯ್ತು. ಒಂಟಿ ಕಾಲಲ್ಲಿ ನಿಂತು ಅದನ್ನ ಹುಡುಕ್ತಿದ್ರೆ, ನೀವು ಕೈ ಬೀಸ್ಕೊಂಡು ಹೋದ್ರಿ!”

“ಹೌದು, ಅದೆಷ್ಟು ಕೊಬ್ಬು ಅಂತ ನಾವೂ ಅಂದ್ಕೊಂಡ್ವಿ,” ಎಂದರು ಓರಗಿತ್ತಿಯರು.

“ದಿನಾನಾ?” ಅಪ್ಪ ಪಿಳಿಪಿಳಿ ಕಣ್ಣು ಬಿಟ್ಟ. “ನಾನು ಇವತ್ತೇ...” ಎಂದವನು ಮಗಳ ಕಡೆ ನೋಡಿ ಸುಮ್ಮನಾದ. “ಹೌದು, ನಾನೇ. ತಪ್ಪಾಯ್ತು,” ಎಂದ.

ಚೂಟಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಜಡೆಯವಳು ಬೇರೆ ಅಲ್ಲೇ ನಿಂತಿದ್ದಾಳೆ. ನಾಳೆ ಇಡೀ ಕ್ಲಾಸಿಗೆ ಹೇಳುತ್ತಾಳೆ. ಹೊಸ ಹುಡುಗಿ ಅನ್ನುವ ಹೆಸರೇ ವಾಸಿಯಿತ್ತು ಅನ್ನಿಸುವಂಥ ಹೆಸರು ಇಡುತ್ತಾರೆ. ಆದರೆ ಗ್ರೀಸು ಮೆತ್ತಿದ ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತ ಅಪ್ಪನನ್ನು ನೋಡಲು ಅವಳಿಂದ ಆಗಲಿಲ್ಲ.

“ಅಪ್ಪ ಅಲ್ಲ ತಾತಾ, ದಿನಾ ಬರೋದು ನಾನು,” ಎಂದಳು. “ನೀವೆಲ್ಲ ನಂಗೆ ಸಲ್ಯೂಟ್ ಹೊಡೀತೀರಾ ಅಂದ್ಕೊಂಡಿದ್ದೆ. ಅದಕ್ಕೇ ನಾನೂ ಕೈ ಬೀಸ್ತಿದ್ದೆ.”

ಮೊದಲು ಚಿಕ್ಕ ಓರಗಿತ್ತಿ ಕಿಸಕ್ಕೆಂದರು. ಆಮೇಲೆ ದೊಡ್ಡವರು. ಡ್ರಿಲ್ ಮೇಷ್ಟ್ರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಮೀಸೆ ಅಲುಗಿತು, ಹೆಗಲು ಕುಣಿಯಿತು, ಕೊನೆಗೆ ಕೋಲಿನ ಮೇಲೆ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏ, ನೀನಾ?” ಎರಡು ಜಡೆಯವಳು ಹತ್ತಿರ ಬಂದು ಚೂಟಿಯ ಮುಖವನ್ನು ದಿಟ್ಟಿಸಿದಳು. “ಆ ಲೈಟಿನ ಹಿಂದೆ ಇರೋದು ನೀನಾ? ನಾನು ಯಾರೋ ದೊಡ್ಡ ಮೀಸೆ ಅಂಕಲ್ ಇರ್ಬೇಕು ಅಂದ್ಕೊಂಡಿದ್ದೆ!”

“ನೀನು ಕುಣೀತಿದ್ದೆಯಲ್ಲ?” ಚೂಟಿ ಮೆಲ್ಲಗೆ ಕೇಳಿದಳು.

“ಕುಣಿಯೋದಾ! ಬಾಸ್ ಹೆದರ್ಕೊಂಡು ನನ್ನ ಕಾಲಿಗೆ ಬೆಲ್ಟ್ ಸುತ್ತಿಬಿಡ್ತಿತ್ತು. ಬಿಡಿಸ್ಕೊಳ್ತಿದ್ದೆ!”

ಮನೆಗೆ ಮರಳುವಾಗ ಅಪ್ಪ ಲೈಟು ಆರಿಸಿ ಸೈಕಲ್ ತಳ್ಳುತ್ತಿದ್ದ. ಚೂಟಿ ಖಾಲಿ ಡಬ್ಬಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು.

“ಹಾಗಾದ್ರೆ ಒಬ್ರೂ ಸಲ್ಯೂಟ್ ಹೊಡೆದಿಲ್ವಾ?” ಎಂದು ಅಪ್ಪ ಕೇಳಿದ.

“ಒಬ್ರೂ ಇಲ್ಲಪ್ಪ.”

“ಆ ತಾತಾನೂ?”

“ತಾತಾನೂ ಇಲ್ಲ.”

“ಛೆ,” ಎಂದ ಅಪ್ಪ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ “ಛೆ” ಎಂದ. ಪಾಪ, ಅವನಿಗೂ ಈ ಊರಿನಲ್ಲಿ ಇನ್ನೂ ಸ್ನೇಹಿತರು ಸಿಕ್ಕಿರಲಿಲ್ಲ ಎಂಬುದು ಚೂಟಿಗೆ ಆಗಲೇ ಹೊಳೆದದ್ದು. ಅವಳು ಅಪ್ಪನ ತೋಳು ಹಿಡಿದುಕೊಂಡಳು.

ಮರುದಿನ ಸ್ಕೂಲಿಗೆ ರಜೆ. ಬೆಳಿಗ್ಗೆಯೇ ಅಪ್ಪ ಆ ದೊಡ್ಡ ಬಲ್ಬನ್ನು ಕಿತ್ತು ಚಿಕ್ಕದು ಹಾಕಿದ. ಸ್ಪ್ಯಾನರ್ ತಿರುಗಿಸಿ ಲೈಟಿನ ತಲೆ ಬಗ್ಗಿಸಿದ. ಹಳೆಯ ಆಯಿಲ್ ಡಬ್ಬಿಯ ತಗಡು ಕತ್ತರಿಸಿ, ಬೆಳಕು ಮೇಲಕ್ಕೆ ಹಾರದ ಹಾಗೆ ಅದಕ್ಕೊಂದು ಟೋಪಿಯನ್ನೂ ತೊಡಿಸಿದ. ಅಜ್ಜಿ ನೋಡಿ, “ಈಗ ಮರ್ಯಾದಸ್ಥರ ಮನೆ ಲೈಟಿನ ಹಾಗಿದೆ,” ಎಂದಳು.

ಸಂಜೆ ಚೂಟಿ ಹೊರಟಾಗ ಬೆಳಕು ಚಕ್ರದ ಮುಂದೆ, ನೆಲದ ಮೇಲೆ, ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಗುಂಡಿ ಕಾಣುತ್ತಿತ್ತು, ಕಲ್ಲು ಕಾಣುತ್ತಿತ್ತು, ಎದುರಿನವರ ಚಪ್ಪಲಿಯೂ ಕಾಣುತ್ತಿತ್ತು.

ಮುಂದೆ ಓರಗಿತ್ತಿಯರ ಮಾತು ಕೇಳಿಸಿತು. ಚೂಟಿ ನಿಧಾನ ಮಾಡಿ ಬೆಲ್ ಒತ್ತಿದಳು. ಟ್ರಿಣ್. “ಬಾಮ್ಮ, ಬಾ,” ಎಂದು ಇಬ್ಬರೂ ಒಂದೇ ಕಡೆಗೆ ಸರಿದು ಜಾಗ ಬಿಟ್ಟರು. ಇಬ್ಬರ ಕುತ್ತಿಗೆಯಲ್ಲೂ ಇಂದು ಬಿಳಿ ಮಫ್ಲರ್. ಮಾತಿನ ಜೊತೆಗೇ ಮನುಷ್ಯರೂ ಕಂಡರು. ಡ್ರಿಲ್ ಮೇಷ್ಟ್ರು ಎರಡೂ ಕಾಲಿನ ಮೇಲೆ ನಿಂತು, “ಬೇಗ ಹೋಗು, ಅಪ್ಪ ನಿನ್ನೆಯಿಂದ ಹಸ್ಕೊಂಡಿರ್ತಾರೆ,” ಎಂದರು.

ಯಾರ ಕೈಯೂ ಹಣೆಗೆ ಹೋಗಲಿಲ್ಲ. ಹೋಗಬಾರದು, ಅದೇ ಸರಿ. ಆದರೂ ಚೂಟಿಗೆ ದಾರಿ ಒಂದಿಷ್ಟು ಖಾಲಿ ಎನಿಸಿತು.

ತಿರುವು ದಾಟಿದಾಗ ದೂರದಲ್ಲಿ ಎರಡು ಜಡೆ ಕಂಡವು. ಆ ಹುಡುಗಿಯ ಕೈ ಮೇಲೆದ್ದಿತು.

‘ಅಯ್ಯೋ, ಮತ್ತೆ ಕಣ್ಣಿಗೆ ಹೊಡೀತಾ?’ ಚೂಟಿ ತಟ್ಟನೆ ಬ್ರೇಕ್ ಹಿಡಿದು ಕೆಳಗಿಳಿದಳು. ಬಗ್ಗಿ ಲೈಟನ್ನು ನೋಡಿದಳು. ಅದು ಸರಿಯಾಗಿ ನೆಲ ನೋಡುತ್ತಿತ್ತು. ಯಾವುದಕ್ಕೂ ಇರಲಿ ಎಂದು ಇನ್ನೂ ಸ್ವಲ್ಪ ಕೆಳಕ್ಕೆ ಒತ್ತಿದಳು.

ತಲೆ ಎತ್ತಿದರೆ ಆ ಕೈ ಇನ್ನೂ ಮೇಲೆಯೇ ಇತ್ತು. ಹಣೆಯ ಮೇಲಲ್ಲ, ತಲೆಗಿಂತಲೂ ಮೇಲೆ. ಅತ್ತ ಇತ್ತ ಜೋರಾಗಿ ಬೀಸುತ್ತಿತ್ತು.

ಚೂಟಿ ಹಿಂದೆ ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ದಾರಿಯ ಅಂಚಿಗೆ ನಿಲ್ಲಿಸಿ, ತನ್ನ ಎರಡೂ ಕೈ ಎತ್ತಿದಳು.