ಬಾಗಿಲ ಮೇಲಿನ ಸೀಮೆಸುಣ್ಣ

ಆ ವರ್ಷ ನಮ್ಮ ಆರೋಗ್ಯ ಕಚೇರಿಯಲ್ಲಿ ಸೀಮೆಸುಣ್ಣ ಇರಲಿಲ್ಲ. ಶಿರೆ ನದಿಯ ದಂಡೆಯ ಊರುಗಳಲ್ಲಿ ದಡಾರದ ಸೂಜಿ ಹಾಕಿದ ಮೇಲೆ, ಬಾಗಿಲಿನಲ್ಲಿ ಮಕ್ಕಳ ಸಂಖ್ಯೆಯನ್ನು ಇದ್ದಿಲಿನಿಂದ ಬರೆಯುತ್ತಿದ್ದೆವು.

ಸುಸ್ತಾಗಿ ಕೊನೆಯ ಬೀದಿಗೆ ಬಂದಾಗ ಅಲ್ಲಿನ ಮೂರು ಬಾಗಿಲುಗಳ ಮೇಲೂ ಸೀಮೆಸುಣ್ಣದಲ್ಲಿ ಬರೆದಾಗಿತ್ತು: ಒಂದು, ಎರಡು, ಒಂದು. ಉದ್ದ ಬಾಲದ ಆ ‘ಎರಡು’ ನನ್ನ ಜೊತೆ ಕೆಲಸ ಮಾಡುತ್ತಿದ್ದ ತಮಂದಾನಿಯ ಕೈಬರಹ. ಅವಳು ಕಾಲರಾದಲ್ಲಿ ಸತ್ತು ವರ್ಷವಾಗಿತ್ತು. ಬಿಸಿಲಿಗೆ ಕಾದ ಬಾಗಿಲಿನಲ್ಲಿ ಆ ಗೆರೆ ಮಾತ್ರ ತಣ್ಣಗಿತ್ತು.

“ಡಾಕ್ಟ್ರೇ, ನನಗೆ ನಾಲ್ಕು ಮಕ್ಳು. ಒಂದು ಅಂತ ಬರ್ದಿದೀರಲ್ಲ, ಆಫೀಸಲ್ಲಿ ಲೆಕ್ಕ ಕಲಿಸಲ್ವಾ?” ಎಂದು ಮೊದಲ ಮನೆಯ ಎಸ್ತೇಲೆ ನಕ್ಕಳು. “ಸೂಜೀನೂ ಹಾಕಿಲ್ಲ.”

“ಗುರುತು ಬಿದ್ದಿದ್ರೆ ಆಗಿದೆ ಅಂತ್ಲೇ ಅಕ್ಕ,” ಎಂದು ಆ ಮೂರು ಮನೆಗಳಿಗೂ ಸೂಜಿ ಹಾಕದೆ ನನ್ನ ಮನೆಗೆ ಹೊರಟುಹೋದೆ.

ಆ ತಿಂಗಳು ದಡಾರಕ್ಕೆ ಮೊದಲ ಮನೆಯಲ್ಲಿ ಒಂದು ಮಗು ಸತ್ತಿತು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದು.